ಬಂಕ್ ಹೊಡೆದವನ ಕೈ

ಕಳೆದ ಡಿಸೆಂಬರಿನಲ್ಲಿ ನಮ್ಮ ಪಿಯುಸಿ ಬ್ಯಾಚಿನವರು ತೀರ್ಥಹಳ್ಳಿಯಲ್ಲಿ ಸೇರಿದ್ದೆವು. 25 ವರ್ಷದ ಮೇಲೆ ಎಲ್ಲರೂ ಒಟ್ಟಿಗೆ ಸಿಕ್ಕಿದ್ದು. ಕೆಲವರ ಮುಖ ಗುರುತು ಹಿಡಿಯೋಕೇ ಹೊತ್ತು ಬೇಕಾಯಿತು. ಕಡುಬು, ಕೋಳಿಸಾರು ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ನಿಂತು ಇನ್ನೊಬ್ಬರನ್ನು ಪರಿಚಯಿಸಬೇಕು ಅಂತ ಯಾರೋ ಹೇಳಿದರು. ನನ್ನ ಸರದಿ ಬಂದಾಗ ಹಳೇ ಗೆಳೆಯನೊಬ್ಬ ಮೈಕ್ ತೆಗೆದುಕೊಂಡ. 'ಇವನು ಗೊತ್ತಲ್ಲ, ನಮ್ಮ ಬ್ಯಾಚಿನ ಬಂಕ್ ರಾಜ. ನವೆಂಬರ್ ಬಂತು ಅಂದ್ರೆ ಸಾಕು, ಮಾರಾಯ ನಾಪತ್ತೆ' ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ನಕ್ಕೆ. ಅವನು ಪ್ರೀತಿಯಿಂದಲೇ ಹೇಳಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಶಿವಮೊಗ್ಗ ದಾಟಿತು, ತರೀಕೆರೆ ದಾಟಿತು, ಕಣ್ಣು ಬಿಟ್ಟೇ ಕೂತಿದ್ದೆ.

ಯಾಕೆಂದರೆ ನಾನು ಒಂದು ದಿನವೂ ಬಂಕ್ ಹೊಡೆದವನಲ್ಲ. 1998ರ ಆ ನವೆಂಬರ್, ಡಿಸೆಂಬರಿನಲ್ಲಿ ನಾನು ಅಮ್ಮನ ಜೊತೆ ಅಡಿಕೆ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಗ್ಗೆ ತೋಟದಿಂದ ಅಂಗಳಕ್ಕೆ ಕೊನೆ, ಅಂದರೆ ಅಡಿಕೆ ಗೊಂಚಲು, ಹೊರುವುದು, ಮಧ್ಯಾಹ್ನದಿಂದ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವುದು. ಅಪ್ಪ ಕೊನೆ ಕೊಯ್ಯುವವರು. ಆ ವರ್ಷ ಮಳೆಗಾಲದಲ್ಲಿ ಔಷಧಿ ಹೊಡೆಯೋಕೆ ಹತ್ತಿದ್ದ ಮರದಿಂದ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಮನೆಯಲ್ಲಿ ಗಳಿಸುವ ಕೈ ಅಂದರೆ ಅಮ್ಮನದು, ಆಮೇಲೆ ನನ್ನದು. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. 'ಎಲ್ಲಿ ಹೋಗಿದ್ಯೋ ಮೂರು ದಿನ?' ಅಂದರೆ 'ಬಂಕ್ ಹೊಡ್ದೆ ಕಣೋ' ಅನ್ನುತ್ತಿದ್ದೆ. ಅಂದರೆ ಆ ಬಿರುದನ್ನು ನನಗೆ ಕೊಟ್ಟವರು ಗೆಳೆಯರಲ್ಲ. ನಾನೇ ಬೇಡಿ ತೆಗೆದುಕೊಂಡಿದ್ದೆ. 25 ವರ್ಷ ಆದಮೇಲೂ ಅವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು ಅಷ್ಟೆ.

ಮನೆಗೆ ಬಂದ ಮೇಲೆ ಈ ಪದ ನನ್ನನ್ನು ಬಿಡಲಿಲ್ಲ. ಬಂಕ್ ಅಂದರೆ ಏನು? ಎಲ್ಲಿಂದ ಬಂತು? ಒಂದು ಇಡೀ ವರ್ಷ ನನ್ನನ್ನು ಮುಚ್ಚಿಟ್ಟು ಕಾಪಾಡಿದ ಪದದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಸಿಕ್ಕಿದ ನಿಘಂಟುಗಳನ್ನೆಲ್ಲ ತೆರೆದು ಕೂತೆ.

ಒಂದೇ ಸದ್ದು, ಬೇರೆ ಬೇರೆ ಪದ

ಮೊದಲು ತಿಳಿದದ್ದು, ಇಂಗ್ಲಿಷಿನಲ್ಲಿ ಬಂಕ್ ಅನ್ನುವುದು ಒಂದು ಪದ ಅಲ್ಲ. ಹಡಗು, ರೈಲು, ಹಾಸ್ಟೆಲ್‌ಗಳಲ್ಲಿ ಒಂದರ ಮೇಲೊಂದು ಇರುವ ಮಲಗುವ ಹಲಗೆಗೆ ಬಂಕ್ ಅನ್ನುತ್ತಾರಲ್ಲ, ಅದು 1750ರ ದಶಕದ್ದು. ಬಂಕರ್ ಅನ್ನುವ ಸ್ಕಾಟ್ ಪದವನ್ನು ಮೊಟಕು ಮಾಡಿದ್ದು ಇರಬೇಕು ಅಂತ ಬಲ್ಲವರು ಹೇಳುತ್ತಾರೆ. ಬಂಕರ್ ಅಂದರೆ ಮೊದಲು ಕೂರುವ ಪೆಟ್ಟಿಗೆ, ಬೆಂಚು. ಇನ್ನೊಂದು ಬಂಕ್ ಅಮೆರಿಕದ್ದು. ಅದರ ಅರ್ಥ ಬುರುಡೆ ಮಾತು. 1820ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಿಸೌರಿಯನ್ನು ರಾಜ್ಯವಾಗಿ ಸೇರಿಸಿಕೊಳ್ಳುವ ಚರ್ಚೆ ನಡೆಯುತ್ತಿತ್ತು. ನಾರ್ತ್ ಕ್ಯಾರೊಲಿನಾದ ಸದಸ್ಯ ಫೆಲಿಕ್ಸ್ ವಾಕರ್ ಎದ್ದು ವಿಷಯಕ್ಕೆ ಸಂಬಂಧವೇ ಇಲ್ಲದ ಭಾಷಣ ಶುರು ಮಾಡಿದರಂತೆ. ಕೂತುಕೊಳ್ಳಿ ಅಂದರೂ ಕೇಳದೆ, ನಾನು ನನ್ನ ಬಂಕಂ ಜಿಲ್ಲೆಯವರಿಗೋಸ್ಕರ ಮಾತಾಡಲೇಬೇಕು ಅಂದರಂತೆ. ಆ ಜಿಲ್ಲೆಯ ಹೆಸರೇ ಬುರುಡೆಗೆ ಹೆಸರಾಯಿತು, ಆಮೇಲೆ ಬಾಲ ಉದುರಿ ಬಂಕ್ ಆಯಿತು. ಅದರಿಂದಲೇ 1923ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಲೇಖಕ 'ಡಿಬಂಕ್' ಅನ್ನುವ ಕ್ರಿಯಾಪದ ಮಾಡಿದರು. ಸುಳ್ಳನ್ನು ಬಯಲಿಗೆಳೆಯೋದು ಅಂತ.

ನಾನು ಹುಡುಕುತ್ತಿದ್ದ ಬಂಕ್ ಇವೆರಡೂ ಅಲ್ಲ. ಅದು ಬ್ರಿಟನ್ನಿನ ಆಡುಮಾತು. 1870ರ ಸುಮಾರಿಗೆ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಓಡಿಹೋಗು, ಜಾಗ ಖಾಲಿ ಮಾಡು ಅಂತ ಅರ್ಥ. ಬಾಡಿಗೆ ಕೊಡದೆ ಮಾಯವಾದವನು, ಗಲ್ಲಾಪೆಟ್ಟಿಗೆಯ ದುಡ್ಡಿನೊಂದಿಗೆ ಪರಾರಿಯಾದವನು, ಇವರೆಲ್ಲ 'ಬಂಕ್ ಮಾಡಿದವರು'. ನಮ್ಮಲ್ಲಿ 'ಕಂಬಿ ಕಿತ್ತ' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಆಮೇಲೆ ಅದು ಶಾಲೆಗೆ ಇಳಿಯಿತು. ಲಂಡನ್ನಿನಲ್ಲಿ ಟಿಕೆಟ್ ಇಲ್ಲದೆ ರೈಲು ಹತ್ತೋದಕ್ಕೂ ಬಂಕ್ ಅನ್ನುತ್ತಾರೆ. ಈ ಬಂಕ್‌ಗೆ ಮೂಲ ಎಲ್ಲಿ ಅಂದರೆ, ನಿಘಂಟುಗಳು 'ಮೂಲ ತಿಳಿಯದು' ಅಂತ ಒಂದು ಸಾಲು ಬರೆದು ಸುಮ್ಮನಾಗುತ್ತವೆ. ಮಲಗುವ ಹಲಗೆಗೆ ಅಜ್ಜನ ಹೆಸರು ಇದೆ, ಬುರುಡೆಗೆ ಊರು, ತಾರೀಕು ಎಲ್ಲ ಇದೆ. ಓಡಿಹೋಗುವ ಪದಕ್ಕೆ ಮಾತ್ರ ಹುಟ್ಟಿದ ಮನೆ ಇಲ್ಲ. ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ಎಲ್ಲಿಂದ ಬಂದೆ ಅಂತ ಹೇಳದ ಪದ. ಎಲ್ಲಿಗೆ ಹೋಗಿದ್ದೆ ಅಂತ ಹೇಳದ ಹುಡುಗನಿಗೆ ಅದು ಸರಿಯಾಗಿ ಒಪ್ಪಿತ್ತು.

ಬ್ರಿಟಿಷರ ಶಾಲಾಹುಡುಗರ ಮಾತು ಅಲ್ಲಿಗಿಂತ ನಮ್ಮಲ್ಲೇ ಗಟ್ಟಿಯಾಗಿ ಉಳಿದಿದೆ. ಮಗ್ ಅಪ್ ಮಾಡೋದು, ರ‍್ಯಾಗಿಂಗ್, ಬಂಕ್. ಈ ಮೂರೂ ಇಲ್ಲದೆ ಕರ್ನಾಟಕದ ಯಾವ ಕಾಲೇಜಿನ ನೆನಪೂ ಪೂರ್ತಿ ಆಗಲ್ಲ. ಅಲ್ಲಿಯವರು ಬಂಕ್ ಜೊತೆ 'ಆಫ್' ಸೇರಿಸುತ್ತಾರೆ. ನಾವು ಅದನ್ನು ಬಿಟ್ಟು 'ಮಾಸ್ ಬಂಕ್' ಅನ್ನುವುದನ್ನು ಕಟ್ಟಿಕೊಂಡೆವು. ಇಡೀ ಕ್ಲಾಸು ಒಟ್ಟಿಗೆ ಎದ್ದು ಹೋಗೋದು. ಒಬ್ಬ ಕಂಬಿ ಕಿತ್ತರೆ ಓಟ, ಎಲ್ಲರೂ ಒಟ್ಟಿಗೆ ಹೋದರೆ ಹಬ್ಬ.

ಹೊಡೆ

ಆದರೆ ಈ ಪದ ಕನ್ನಡಕ್ಕೆ ಬಂದಮೇಲೆ ಏನಾಯಿತು ಅನ್ನೋದು ನನಗೆ ಜಾಸ್ತಿ ಮುಖ್ಯ. ಇಂಗ್ಲಿಷಿನಲ್ಲಿ ಅದು ತನ್ನಷ್ಟಕ್ಕೆ ಕ್ರಿಯಾಪದ. ನಾವು ಅದಕ್ಕೆ 'ಮಾಡು' ಸೇರಿಸಬಹುದಿತ್ತು. ಸೇರಿಸುತ್ತೇವೆ ಕೂಡ. ಆದರೆ ಹುಡುಗರ ಬಾಯಲ್ಲಿ ಅದು 'ಬಂಕ್ ಹೊಡೆ'. ಅದಕ್ಕೆ ಮೊದಲೇ ನಮ್ಮಲ್ಲಿ 'ಚಕ್ಕರ್ ಹೊಡೆ' ಇತ್ತು. ಕೆಲಸಕ್ಕೆ ಚಕ್ಕರ್, ಊಟಕ್ಕೆ ಹಾಜರ್ ಅಂತ ನಮ್ಮ ಅಜ್ಜಿ ಕೂಡ ಬೈಯುತ್ತಿದ್ದಳು. ಚಕ್ಕರ್ ಅಂದರೆ ಚಕ್ರ, ಸುತ್ತು. ಎಲ್ಲೋ ಸುತ್ತಾಡಿಕೊಂಡು ಬರೋದು. ಬಂಕ್ ಬಂದು ಚಕ್ಕರ್‌ನ ಜಾಗದಲ್ಲಿ ಕೂತಾಗ ಹೊಡೆಯೋದು ಹಾಗೇ ಉಳಿಯಿತು.

ಈ 'ಹೊಡೆ' ಎಷ್ಟೊಂದು ಕೆಲಸ ಮಾಡುತ್ತದೆ ಅಂತ ಯೋಚನೆ ಮಾಡಿದ್ದೀರಾ? ನಿದ್ದೆ ಹೊಡೀತೀವಿ, ಗೊರಕೆ ಹೊಡೀತೀವಿ, ಹರಟೆ ಹೊಡೀತೀವಿ. ಲಾಗ ಹೊಡೀತೀವಿ, ಸಿಳ್ಳೆ ಹೊಡೀತೀವಿ. ಸೈಕಲ್ಲಿಗೆ ಗಾಳಿ, ಗೋಡೆಗೆ ಬಣ್ಣ, ಅಡಿಕೆಗೆ ಕೊಳೆರೋಗದ ಔಷಧಿ. ಪರೀಕ್ಷೆಗೆ ಉರು, ಪರೀಕ್ಷೆಯಲ್ಲಿ ಕಾಪಿ. ಇದರಲ್ಲಿ ಯಾವುದರಲ್ಲೂ ಯಾರಿಗೂ ಏಟು ಬೀಳಲ್ಲ. ಆದರೂ ಆ ಕ್ರಿಯಾಪದದಲ್ಲಿ ಕೈಯ ಜೋರು ಉಳಿದಿರುತ್ತದೆ. ನಿದ್ದೆ ಮಾಡಿದವನು ಸುಮ್ನೆ ಮಲಗಿದ. ನಿದ್ದೆ ಹೊಡೆದವನು ಗಡದ್ದಾಗಿ, ಯಾರಪ್ಪನ ಭಯವೂ ಇಲ್ಲದೆ ಮಲಗಿದ. ಹೊಡೆದವನ ಕೈ ಯಾವಾಗಲೂ ಮೇಲೆ.

ನನಗೆ ಬೇಕಾಗಿದ್ದು ಅದೇ ಜೋರು. 'ಕಾಲೇಜಿಗೆ ಬರೋಕಾಗ್ಲಿಲ್ಲ' ಅಂದರೆ ಅದರ ಹಿಂದೆಯೇ 'ಯಾಕೆ?' ಅನ್ನುವ ಪ್ರಶ್ನೆ ಬರುತ್ತದೆ. ಆಗಲಿಲ್ಲ ಅನ್ನುವುದರಲ್ಲಿ ಒಂದು ಬಡತನ ಇದೆ. ನನ್ನ ಕೈಯಲ್ಲಿ ಇರಲಿಲ್ಲ, ಇನ್ಯಾರದೋ ಕೈಯಲ್ಲಿತ್ತು ಅಂತ ಅದು ಒಪ್ಪಿಕೊಳ್ಳುತ್ತದೆ. 'ಬಂಕ್ ಹೊಡೆದೆ' ಅಂದರೆ ಯಾರೂ ಯಾಕೆ ಅಂತ ಕೇಳಲ್ಲ. ಬಂಕ್ ಹೊಡೆದವನು ತಾನೇ ಬೇಕು ಅಂತ ಹೋದವನು. ಹದಿನೇಳು ವರ್ಷದ ಹುಡುಗನಿಗೆ ಬಡವ ಅನ್ನಿಸಿಕೊಳ್ಳೋದಕ್ಕಿಂತ ಪೋಲಿ ಅನ್ನಿಸಿಕೊಳ್ಳೋದು ಸಾವಿರ ಪಾಲು ಸುಲಭ. ನನ್ನ ಜೊತೆಯ ಕೆಲವರು ನಿಜವಾಗಿಯೂ ಬಂಕ್ ಹೊಡೆದು ಮ್ಯಾಟ್ನಿ ನೋಡಿ ಬರುತ್ತಿದ್ದರು, ಹೊಳೆಯಲ್ಲಿ ಈಜು ಹೊಡೆದು ಬರುತ್ತಿದ್ದರು. ಆ ಪದ ಹೇಳಿದ ಕೂಡಲೇ ನಾನೂ ಅವರ ಸಾಲಿಗೆ ಸೇರುತ್ತಿದ್ದೆ. 'ಯಾವ ಪಿಕ್ಚರ್ ನೋಡ್ದೆ?' ಅಂತ ಕೇಳಿದರೆ ಅವರೇ ಹೋದ ವಾರ ಹೇಳಿದ್ದ ಪಿಕ್ಚರ್ ಹೆಸರು ಹೇಳುತ್ತಿದ್ದೆ.

ಒಂದೇ ಒಂದು ತೊಂದರೆ ಇತ್ತು. ಕೈ. ಹಸಿ ಅಡಿಕೆ ಸುಲಿದವರ ಕೈ ನೋಡಿದ್ದರೆ ನಿಮಗೆ ಗೊತ್ತು. ಚೊಗರು ಹತ್ತಿ ಬೆರಳು, ಉಗುರು, ಅಂಗೈಯ ಗೆರೆ ಎಲ್ಲ ಕಪ್ಪಾಗುತ್ತದೆ. ಸೋಪಿಗೆ ಹೋಗಲ್ಲ, ನಿಂಬೆಹುಳಿಗೆ ಸ್ವಲ್ಪ ಬಿಡುತ್ತದೆ. ಸುಗ್ಗಿ ಮುಗಿದು ಚರ್ಮ ತಾನಾಗೇ ಬದಲಾಗುವವರೆಗೆ ಅದು ಹಾಗೇ. ನಾನು ಕ್ಲಾಸಿನಲ್ಲಿ ಕೈಕಟ್ಟಿ ಕೂರುತ್ತಿದ್ದೆ. ಬರೆಯುವಾಗ ಬೆರಳನ್ನು ಒಳಗೆ ಮಡಚಿ ಪೆನ್ನು ಹಿಡಿಯುತ್ತಿದ್ದೆ. ಇವತ್ತಿಗೂ ನನ್ನ ಬರವಣಿಗೆ ನೋಡಿದವರು 'ಪೆನ್ನು ಯಾಕೆ ಹಾಗೆ ಹಿಡೀತೀರಿ?' ಅಂತ ಕೇಳುತ್ತಾರೆ.

ಯಾರಿಗೆ ಹೊಡ್ದ?

ಪಿಯುಸಿಯಲ್ಲಿ ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಬೇಕು. ಜನವರಿಯಲ್ಲಿ ಶಾರ್ಟೇಜ್ ಪಟ್ಟಿ ಬೋರ್ಡಿಗೆ ಅಂಟಿಸಿದರು. ನನ್ನ ಹೆಸರು ಇತ್ತು. ಮನೆಯಿಂದ ದೊಡ್ಡವರನ್ನು ಕರೆದುಕೊಂಡು ಬರಬೇಕು ಅಂದರು. ಅಪ್ಪನಿಗೆ ಎದ್ದು ನಡೆಯೋಕೆ ಆಗುತ್ತಿರಲಿಲ್ಲ. ಅಮ್ಮ ಬಂದಳು. ಒಂದು ದಿನದ ಕೂಲಿ ಬಿಟ್ಟು, ಮದುವೆ ಮನೆಗೆ ಉಡುವ ಸೀರೆ ಉಟ್ಟುಕೊಂಡು ಬಂದಿದ್ದಳು. ಅವಳು ಕಾಲೇಜಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು. ನಾನು ಬೇಡ ಅಂದರೂ ಕೇಳಲಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೂರು ನಾಲ್ಕು ಜನ ಲೆಕ್ಚರರು ಇದ್ದರು. ಇನ್ನೂ ಕೆಲವು ಹುಡುಗರು, ಅವರ ಅಪ್ಪಂದಿರು. ಪ್ರಿನ್ಸಿಪಾಲರು ರಿಜಿಸ್ಟರ್ ನೋಡಿ ಅಮ್ಮನಿಗೆ ಹೇಳಿದರು: 'ನೋಡಮ್ಮ, ನಿಮ್ಮ ಮಗ ಸಿಕ್ಕಾಪಟ್ಟೆ ಬಂಕ್ ಹೊಡೆದಿದಾನೆ. ಅವನೇ ಒಪ್ಕೊಂಡಿದಾನೆ.' ಅಮ್ಮನಿಗೆ ಗೊತ್ತಿದ್ದ ಬಂಕ್ ಒಂದೇ. ಊರಾಚೆ ರಸ್ತೆ ಬದಿಯ ಪೆಟ್ರೋಲ್ ಬಂಕ್. ಉತ್ತರ ಭಾರತದಲ್ಲಿ ಪೆಟ್ರೋಲ್ ಪಂಪ್ ಅನ್ನುತ್ತಾರೆ, ನಮ್ಮ ಕಡೆ ಅದು ಬಂಕೇ. ಹೊಡೆಯೋದು ಅಂದರೆ ಅವಳಿಗೆ ಹೊಡೆಯೋದೇ. ಅವಳ ಮುಖ ಬಿಳುಚಿಕೊಂಡಿತು. ನನ್ನ ಕಡೆ ತಿರುಗಲಿಲ್ಲ. ಪ್ರಿನ್ಸಿಪಾಲರಿಗೇ ಕೈ ಮುಗಿದು ಕೇಳಿದಳು: 'ಸಾರ್, ಅಂವ ಯಾರಿಗೆ ಹೊಡ್ದ?'

ಕೋಣೆಯಲ್ಲಿ ಇದ್ದವರು ನಕ್ಕರು. ದೊಡ್ಡ ನಗು ಏನಲ್ಲ. ಎರಡು ಕ್ಷಣದ್ದು. ಕೆಟ್ಟ ಮನಸ್ಸಿನಿಂದ ನಕ್ಕರು ಅಂತಲೂ ಹೇಳಲಾರೆ. ಆದರೆ ಅಮ್ಮ ಕೈ ಮುಗಿದುಕೊಂಡು ನಿಂತೇ ಇದ್ದಳು. ನಗು ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ. ಮಗ ಯಾರಿಗೋ ಹೊಡೆದಿದ್ದಾನೆ, ಪೊಲೀಸರು ಬರುತ್ತಾರೇನೋ, ಮನೆಯಲ್ಲಿ ಗಂಡ ಮಲಗಿದ್ದಾನೆ. ಅವಳ ತಲೆಯಲ್ಲಿ ಆ ಹೊತ್ತು ಇಷ್ಟೆಲ್ಲ ಓಡಿರಬೇಕು. ಆ ಎರಡು ಕ್ಷಣ ನನ್ನ ಒಳಗೆ ಇನ್ನೂ ಮುಗಿದಿಲ್ಲ. 'ಅಮ್ಮ, ಅದು ಹಾಗಲ್ಲ' ಅಂತ ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ.

ನಗದೆ ಇದ್ದವರು ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಡಂ. ಅವರು ಮುಗಿದಿದ್ದ ಅಮ್ಮನ ಕೈಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ನನ್ನ ಕೈ ನೋಡಿದರು. ನಾನು ಬೆನ್ನ ಹಿಂದೆ ಇಟ್ಟುಕೊಳ್ಳುವಷ್ಟರಲ್ಲಿ ನೋಡಿಬಿಟ್ಟಿದ್ದರು. 'ಅಮ್ಮ, ನೀವು ಅಡಿಕೆ ಸುಲಿಯೋಕೆ ಹೋಗ್ತೀರಾ?' ಅಂತ ಕೇಳಿದರು. ಅಮ್ಮ 'ಹೌದು ಟೀಚರಮ್ಮ, ಇವನೂ ಬರ್ತಾನೆ. ಇವರಪ್ಪಂಗೆ ಹುಷಾರಿಲ್ಲ' ಅಂದಳು. ಎಷ್ಟು ಸಲೀಸಾಗಿ ಹೇಳಿದಳು. ಮೂರು ತಿಂಗಳು ನನ್ನ ಬಾಯಿಂದ ಹೊರಡದ ಮಾತನ್ನು ಅವಳು ಮಳೆ ಬಂತು ಅಂದಷ್ಟು ಸಲೀಸಾಗಿ ಹೇಳಿದಳು. ಕೋಣೆ ಸುಮ್ಮನಾಯಿತು. ಅರ್ಜಿ ಬರೆಸಿಕೊಂಡರು, ಪರೀಕ್ಷೆಗೆ ಕೂರಿಸಿದರು. ಮೇಡಂ ತಪ್ಪಿಹೋಗಿದ್ದ ನೋಟ್ಸನ್ನೆಲ್ಲ ಕೊಟ್ಟರು. ಈ ವಿಷಯ ಆ ಕೋಣೆಯಿಂದ ಆಚೆ ಹೋಗಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಾಗ ಅಮ್ಮ ಕೇಳಿದಳು, ಬಂಕ್ ಹೊಡೆಯೋದು ಅಂದರೆ ಏನು ಅಂತ. ಕ್ಲಾಸಿಗೆ ಹೋಗದೆ ಸುಮ್ನೆ ತಿರುಗೋದು ಅಂತ ಹೇಳಿದೆ. ಅವಳು ಸ್ವಲ್ಪ ದೂರ ಮಾತಾಡದೆ ನಡೆದಳು. ಆಮೇಲೆ 'ನನ್ ಜೊತೆ ಕೆಲಸಕ್ಕೆ ಬಂದಿದ್ದೆ ಅನ್ನೋಕೆ ನಾಚ್ಕೆ ಆಯ್ತನಾ ನಿಂಗೆ?' ಅಂದಳು. ಬೈದಿದ್ದಲ್ಲ. ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದು. ಅಷ್ಟರಲ್ಲಿ ಬಸ್ ಬಂತು. ಅಮ್ಮ ಹೋಗಿ ಈಗ ಆರು ವರ್ಷ.

ಕಪ್ಪು ಕೈಯ ಇನ್ನೊಂದು ಊರು

ಬಂಕ್ ಹುಡುಕುತ್ತಾ ಹೋದವನಿಗೆ ಅದರ ನೆಂಟರೂ ಸಿಕ್ಕರು. ಶಾಲೆ ತಪ್ಪಿಸೋದಕ್ಕೆ ಇಂಗ್ಲಿಷಿನಲ್ಲಿ ಊರಿಗೊಂದು ಪದ ಇದೆ. ಅಮೆರಿಕದಲ್ಲಿ ಹುಕಿ ಆಡುವುದು, 1848ರಷ್ಟು ಹಳೆಯದು. ಸ್ಕೈವ್ ಅನ್ನುವುದು ಮೊದಲ ಮಹಾಯುದ್ಧದ ಸೈನಿಕರ ಬಾಯಿಂದ ಬಂದದ್ದು. ಆಸ್ಟ್ರೇಲಿಯಾದಲ್ಲಿ ವ್ಯಾಗ್. ಐರ್ಲೆಂಡ್, ವೇಲ್ಸ್ ಕಡೆ ಮಿಚ್. ಅವಿತುಕೊಳ್ಳು ಎಂಬ ಅರ್ಥದ ಹಳೇ ಫ್ರೆಂಚ್ ಪದವೇ ಮಿಚ್ ಆಗಿದೆ. ಶೇಕ್ಸ್‌ಪಿಯರನ ಕಾಲಕ್ಕೇ ಅದು ಚಾಲ್ತಿಯಲ್ಲಿತ್ತು. ನಾಲ್ಕನೇ ಹೆನ್ರಿಯ ನಾಟಕದಲ್ಲಿ ಫಾಲ್‌ಸ್ಟಾಫ್, ಆಕಾಶದ ಸೂರ್ಯ ಶಾಲೆ ತಪ್ಪಿಸಿ ಬ್ಲ್ಯಾಕ್‌ಬೆರ‍್ರಿ ತಿನ್ನುತ್ತಾ ಅಲೆಯುವ ಹುಡುಗನಾದಾನೇ ಅಂತ ಕೇಳುತ್ತಾನೆ. ಓದಿದ ಕೂಡಲೇ ನಮ್ಮೂರ ಬೇಣದ ಕವಳೆ ಹಣ್ಣು, ನೇರಳೆ ಹಣ್ಣು ನೆನಪಾದವು. ಪ್ರೈಮರಿ ಶಾಲೆಯಲ್ಲಿ ನಾನು ಹಾಗೆ ಅಲೆದಿದ್ದೇನೆ, ನೀಲಿ ನಾಲಿಗೆ ತೋರಿಸಿ ಏಟು ತಿಂದಿದ್ದೇನೆ. ಅದಕ್ಕೆ ಬಂಕ್ ಅನ್ನುವ ಪದ ಆಗ ಗೊತ್ತಿರಲಿಲ್ಲ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಪದ. ಟ್ರೂಯಂಟ್. ಇದು ಆಡುಮಾತಲ್ಲ, ಕಾನೂನಿನ ಪುಸ್ತಕದಲ್ಲೂ ಇರುವ ಪದ. ಕಾರಣ ಇಲ್ಲದೆ ಶಾಲೆಗೆ ಬಾರದ ಮಗು ಅಂತ. ಇದು ಹಳೇ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಭಿಕ್ಷುಕ, ಅಲೆಮಾರಿ. ಅದಕ್ಕೂ ಹಿಂದೆ ಹೋದರೆ ಕೆಲ್ಟಿಕ್ ಭಾಷೆಗಳಲ್ಲಿ ಇದರ ಬೇರು ಇದೆ. ವೆಲ್ಷ್ ಭಾಷೆಯಲ್ಲಿ 'ಟ್ರುಯಾನ್' ಅಂದರೆ ಇವತ್ತಿಗೂ ಪಾಪದವನು, ದಿಕ್ಕಿಲ್ಲದವನು. ಅಂದರೆ ಮೊದಲು ಅದು ಬಡವನಿಗೆ ಇದ್ದ ಹೆಸರು. ನಿಧಾನಕ್ಕೆ ಅದರೊಳಗೆ ಸೋಮಾರಿ ಅನ್ನುವ ಅರ್ಥ ಸೇರಿತು. 15ನೇ ಶತಮಾನದ ಹೊತ್ತಿಗೆ ಶಾಲೆ ತಪ್ಪಿಸುವ ಹುಡುಗನಿಗೆ ಅಂಟಿತು. ನಾನು ಮಾಡಿದ್ದೂ ಅದನ್ನೇ ಅಲ್ವಾ? ಬಡತನದ ಮೇಲೆ ಪೋಲಿತನದ ಅಂಗಿ ತೊಡಿಸಿದ್ದೆ. ನಾನು ಮೂರು ತಿಂಗಳಲ್ಲಿ ಮಾಡಿದ್ದನ್ನು ಆ ಪದ ಕೆಲವು ನೂರು ವರ್ಷಗಳಲ್ಲಿ ಮಾಡಿತ್ತು.

ಅಲ್ಲಿಂದ ಮುಂದೆ ಇಂಗ್ಲೆಂಡಿನ ಮಕ್ಕಳ ಹಾಜರಿಯ ಬಗ್ಗೆ ಓದತೊಡಗಿದೆ. 1870ರಲ್ಲಿ ಅಲ್ಲಿ ಶಿಕ್ಷಣ ಕಾಯ್ದೆ ಬಂತು. ಊರೂರಿಗೆ ಸ್ಕೂಲ್ ಬೋರ್ಡ್‌ಗಳಾದವು. 1880ರಲ್ಲಿ ಹತ್ತು ವರ್ಷದವರೆಗಿನ ಮಕ್ಕಳು ಶಾಲೆಗೆ ಬರಲೇಬೇಕು ಅಂತಾಯಿತು. ಮನೆ ಮನೆಗೆ ಹೋಗಿ ಮಕ್ಕಳನ್ನು ಹುಡುಕುವ ಅಧಿಕಾರಿಗಳು ಬಂದರು. ಅವರಿಗೆ ಸಿಕ್ಕ ಮಕ್ಕಳೆಲ್ಲ ಸುಮ್ನೆ ತಿರುಗುತ್ತಿದ್ದವರಲ್ಲ. ಲ್ಯಾಂಕಶೈರಿನ ಹತ್ತಿ ಗಿರಣಿಗಳಲ್ಲಿ ಅರ್ಧ ದಿನ ಕೆಲಸ, ಅರ್ಧ ದಿನ ಶಾಲೆ ಅಂತ ಬದುಕುತ್ತಿದ್ದ ಮಕ್ಕಳಿದ್ದರು. 1918ರ ಕಾಯ್ದೆ ಬಂದ ಮೇಲೆಯೇ ಆ ಪದ್ಧತಿ ಕೊನೆಯಾಗಿದ್ದು. ತಂಗಿಯನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಉಳಿದವರಿದ್ದರು. ಕಾಲಿಗೆ ಬೂಟಿಲ್ಲದೆ ಬಾರದವರಿದ್ದರು.

ಮತ್ತೆ ಕೆಂಟ್ ಪ್ರಾಂತ್ಯದ ಹಾಪ್ಸ್ ತೋಟಗಳು. ಬಿಯರ್‌ಗೆ ಕಹಿ ಕೊಡುವ ಹೂವು ಬಿಡುವ ಬಳ್ಳಿ ಅದು. ನಮ್ಮ ಕಾಳುಮೆಣಸಿನ ಹಾಗೆ ಎತ್ತರಕ್ಕೆ ಹಬ್ಬುತ್ತದೆ. ಪ್ರತಿ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಲಂಡನ್ನಿನ ಪೂರ್ವದ ಬಡ ಕೇರಿಗಳಿಂದ ಸಂಸಾರಗಳು ರೈಲು ಹತ್ತಿ ಹೂವು ಬಿಡಿಸೋಕೆ ಬರುತ್ತಿದ್ದವು. ತಾಯಂದಿರ ಜೊತೆ ಮಕ್ಕಳೂ. ತೋಟದ ಗುಡಿಸಲುಗಳಲ್ಲಿ ವಾರಗಟ್ಟಲೆ ಇದ್ದು ಕೆಲಸ. ಬಿಡಿಸಿದ್ದನ್ನು ಬುಟ್ಟಿಯಲ್ಲಿ ಅಳೆದು ಬುಷೆಲ್ ಲೆಕ್ಕದಲ್ಲಿ ಕೂಲಿ. ಕೆಂಟ್‌ನ ಹಳ್ಳಿ ಶಾಲೆಗಳು ಈ ಕೊಯ್ಲಿಗೆ ತಕ್ಕಂತೆಯೇ ರಜೆ ಕೊಡುತ್ತಿದ್ದವು. ಲಂಡನ್ನಿನ ಶಾಲೆಗಳಲ್ಲಿ ಬೆಂಚುಗಳು ಖಾಲಿ ಇರುತ್ತಿದ್ದವು. ಮತ್ತೆ ಆ ಹೂವಿನ ಅಂಟು ಹತ್ತಿ ಬಿಡಿಸುವವರ ಕೈ ಕಪ್ಪಾಗುತ್ತಿತ್ತು. ತೊಳೆದರೆ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ತಿಂದ ಬ್ರೆಡ್ಡು ಕೂಡ ಕಹಿಯಾಗುತ್ತಿತ್ತಂತೆ.

ಇದನ್ನು ಓದಿದಾಗ ರಾತ್ರಿ ಒಂದು ಗಂಟೆ ಆಗಿತ್ತು. ಎದ್ದು ಹೋಗಿ ಅಡುಗೆಮನೆಯಲ್ಲಿ ನೀರು ಕುಡಿದೆ. ಕಡಲಾಚೆಯ ಯಾವುದೋ ಊರಿನ ಹುಡುಗ, ನೂರು ವರ್ಷದ ಹಿಂದಿನವನು. ಅಕ್ಟೋಬರಿನಲ್ಲಿ ಶಾಲೆಗೆ ವಾಪಸು ಬಂದು ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ಕೂತಿರಬಹುದು. ಎಲ್ಲಿ ಹೋಗಿದ್ದೆ ಅಂತ ಪಕ್ಕದವನು ಕೇಳಿದಾಗ, ಆ ಕಾಲಕ್ಕೆ ಬಾಯಲ್ಲಿದ್ದ ಯಾವುದೋ ಗಟ್ಟಿ ಪದ ಹೇಳಿರಬಹುದು. ನಮ್ಮಲ್ಲಿ ಈಗ ಅಡಿಕೆ ಸುಲಿಯುವ ಯಂತ್ರ ಬಂದಿದೆ. ಅಲ್ಲಿ ಹಾಪ್ಸ್ ಬಿಡಿಸುವ ಯಂತ್ರ ನಮಗಿಂತ ಎಷ್ಟೋ ಮೊದಲೇ ಬಂತು. ಕೈ ಕಪ್ಪಾಗೋದು ಕಡಿಮೆಯಾಗಿದೆ. ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ. ಆ ಕೆಲಸದಲ್ಲಿ ಅಂಥ ಸೊಗಸೇನೂ ಇರಲಿಲ್ಲ.

ಬಿಟ್ಟಳು, ಬಿಡಿಸಿದರು

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕ್ಲಾಸಿನ ಹುಡುಗಿಯರು ಯಾರೂ 'ಬಂಕ್ ಹೊಡೆದೆ' ಅಂದಿದ್ದನ್ನು ನಾನು ಕೇಳಲಿಲ್ಲ. ಈಗಿನ ಹೆಣ್ಣುಮಕ್ಕಳು ಧಾರಾಳವಾಗಿ ಹೇಳುತ್ತಾರೆ, ನನ್ನ ಅಣ್ಣನ ಮಗಳೇ ಹೇಳುತ್ತಾಳೆ, ಕೇಳೋಕೆ ಖುಷಿಯಾಗುತ್ತದೆ. ಆದರೆ 1998ರ ನಮ್ಮ ಕಡೆಯ ಹುಡುಗಿಗೆ ಆ ಪದ ಎಟುಕುತ್ತಿರಲಿಲ್ಲ. ಹುಡುಗ ಬಂಕ್ ಹೊಡೆದರೆ ತುಂಟ. ಹುಡುಗಿ ಹೊಡೆದರೆ, ಯಾರ ಜೊತೆ ಹೋಗಿದ್ದಳು ಅನ್ನುವ ಪ್ರಶ್ನೆ. ಹಾಗಾಗಿ ಅವರು 'ಹುಷಾರಿರಲಿಲ್ಲ' ಅನ್ನುತ್ತಿದ್ದರು. ಆ ಒಂದು ಪದದ ಒಳಗೆ ಮುಟ್ಟು ಇತ್ತು, ಅಮ್ಮನ ಬಾಣಂತನ ಇತ್ತು, ಕೂಲಿಯೂ ಇತ್ತು. ಅವರಲ್ಲೂ ಕೆಲವರ ಕೈ ಕಪ್ಪಾಗಿತ್ತು. ಆಗ ನೋಡಿದ್ದೆ. ನೋಡಿಯೂ ಒಂದು ಮಾತು ಆಡಲಿಲ್ಲ.

ಆ ವರ್ಷ ಸಂಕ್ರಾಂತಿಯ ನಂತರ ಒಬ್ಬಳು ಬರೋದು ನಿಲ್ಲಿಸಿದಳು. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದೆ ಇದ್ದವಳು. ಹಾಜರಿ ಕರೆಯುವಾಗ ಒಂದು ವಾರ ಅವಳ ನಂಬರ್ ಕರೆದರು. ಆಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. 'ಕಾಲೇಜು ಬಿಟ್ಟಳಂತೆ' ಅಂದೆವು. ಬಿಟ್ಟಳು ಅಂದರೆ ಅವಳೇ ಬಿಟ್ಟಳು ಅಂತಲೇ ಅರ್ಥ. ಆದರೆ ಕನ್ನಡದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ರೂಪ ಇದೆ. ಬಿಡಿಸಿದರು. ಮದುವೆ ಗೊತ್ತು ಮಾಡಿ ಬಿಡಿಸಿದರು. ನಡುವೆ ಒಂದು 'ಇಸು' ಸೇರಿದರೆ ಸಾಕು, ಇಡೀ ಕತೆ ಸರಿಯಾಗಿ ಹೇಳಿದ ಹಾಗಾಗುತ್ತದೆ. ಭಾಷೆ ಆ ರೂಪವನ್ನು ನಮ್ಮ ಕೈಗೆ ಕೊಟ್ಟಿತ್ತು. ನಾವು ಯಾರೂ ಅದನ್ನು ಬಳಸಲಿಲ್ಲ. ಡಿಸೆಂಬರಿನಲ್ಲಿ ಸೇರಿದಾಗ ಅವಳು ಬಂದಿರಲಿಲ್ಲ. ಪಿಯುಸಿ ಮುಗಿಸಿದವರ ಪಟ್ಟಿ ಹಿಡಿದು ಎಲ್ಲರನ್ನೂ ಕರೆದಿದ್ದರು. ಆ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

ಹೋದ ಭಾನುವಾರ

ಹೋದ ಭಾನುವಾರ ಆ ಗೆಳೆಯನಿಗೆ ಫೋನ್ ಮಾಡಿದೆ. ಮೈಕ್ ಹಿಡಿದು ಬಂಕ್ ರಾಜ ಅಂದವನಿಗೆ. ಅವನದು ನಾಲ್ಕು ಎಕರೆ ತೋಟ ಇದೆ, ಹುಟ್ಟಿದಾಗಿನಿಂದ ಅಡಿಕೆಯ ನಡುವೆಯೇ ಬೆಳೆದವನು. 'ನವೆಂಬರ್ ಬಂದ್ರೆ ನಾಪತ್ತೆ ಅಂದ್ಯಲ್ಲ, ಯಾಕೆ ನವೆಂಬರ್ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ಯಾ?' ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಾನೇ ಎಲ್ಲ ಹೇಳಿದೆ. ಅಪ್ಪ ಬಿದ್ದದ್ದು, ಕೊನೆ ಹೊತ್ತಿದ್ದು, ಕೈ ಮಡಚಿ ಪೆನ್ನು ಹಿಡಿದದ್ದು. ಅಮ್ಮ ಆ ಕೋಣೆಯಲ್ಲಿ ಕೇಳಿದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಅವನು ಕ್ಷಮೆ ಗಿಮೆ ಅಂತ ಏನೂ ಅನ್ನಲಿಲ್ಲ. ನನಗೂ ಅದು ಬೇಕಿರಲಿಲ್ಲ. ಆ ಕಡೆ ಹಿತ್ತಲಿನಲ್ಲಿ ಯಾರೋ ಹಂಡೆ ಉಜ್ಜುವ ಸದ್ದು ಕೇಳುತ್ತಿತ್ತು. ಆಮೇಲೆ ಅವನು ಕೇಳಿದ: 'ದಿನಕ್ಕೆ ಎಷ್ಟು ಡಬ್ಬ ಸುಲೀತಿದ್ಯಾ ಮಾರಾಯ?'

'ಶುರುವಲ್ಲಿ ಎರಡು' ಅಂದೆ. 'ಕೊನೆಗೆ ನಾಲ್ಕು. ಅಮ್ಮ ಆರು ಸುಲೀತಿದ್ಲು.'